ನೀರಿಗೆ ಪಾಸ್ ಬೇಡ

ನಾಗಪುರದ ಸಿವಿಲ್ ಲೈನ್ಸ್‌ನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನಾನು ಇಬ್ಬರು. ಸಂಬಳ ಮಾತ್ರ ಒಬ್ಬಳದ್ದು. ನಲ್ಲಿ, ಫ್ಯಾನು, ಕೂಲರ್, ಪಾಯಖಾನೆ, ಮುರಿದ ಕುರ್ಚಿ ಎಲ್ಲ ನೋಡಿಕೊಳ್ಳುವ ಕೇರ್‌ಟೇಕರ್ ನಾನು. ಗೇಟು, ಕಾವಲುಗಾರರು, ಪಾಸು, ಬೀಗ, ಕ್ಯಾಮೆರಾ ನೋಡಿಕೊಳ್ಳುವ ಭದ್ರತಾ ಅಧಿಕಾರಿಯೂ ನಾನೇ. ಭದ್ರತೆಯ ಕುರ್ಚಿಯಲ್ಲಿ ಮೊದಲಿದ್ದವರು ವರ್ಗವಾಗಿ ಹೋದಾಗ, ಹೊಸಬರು ಬರುವ ತನಕ ಎಂದು ಅದನ್ನು ನನ್ನ ಕೊರಳಿಗೆ ಕಟ್ಟಿದರು. ಹೊಸಬರು ಇನ್ನೂ ಬರುತ್ತಲೇ ಇದ್ದಾರೆ.

ಸರ್ಕಾರದಲ್ಲಿ ಮನುಷ್ಯ ಒಬ್ಬನೇ ಆದರೂ ಹುದ್ದೆ ಎರಡಿದ್ದರೆ ಪತ್ರ ಓಡಾಡಲೇಬೇಕು. ಹಿಂದಿನ ಗೋಡೆಗೆ ದೀಪ ಹಾಕಿಸಬೇಕೆಂದು ಭದ್ರತಾ ಅಧಿಕಾರಿಯಾದ ನಾನು ಕೇರ್‌ಟೇಕರ್ ಆದ ನನಗೆ ಬರೆಯುತ್ತೇನೆ. ಬಲ್ಬು ದಾಸ್ತಾನಿನಲ್ಲಿಲ್ಲ ಎಂದು ಕೇರ್‌ಟೇಕರ್ ಉತ್ತರಿಸುತ್ತಾಳೆ. ಎರಡು ರಬ್ಬರ್ ಮೊಹರು, ಎರಡು ಬಗೆಯ ಸಹಿ. ಒಮ್ಮೆ ನನ್ನ ನೆನಪೋಲೆಗೆ ನಾನೇ ಉತ್ತರ ಕೊಡದೆ ಸತಾಯಿಸಿ, ಕೊನೆಗೆ "ಇದನ್ನು ಗಂಭೀರವಾಗಿ ಪರಿಗಣಿಸಲಾಗುವುದು" ಎಂದು ನನಗೇ ಖಾರವಾಗಿ ಬರೆದುಕೊಂಡಿದ್ದೆ. ಓದಿ ಬೇಜಾರಾಯಿತು. ವಾಯುಪಡೆಯಲ್ಲಿರುವ ನನ್ನ ಗಂಡ ಇದನ್ನು ಕೇಳಿ, "ಮನ್ಯಾಗೂ ಹಂಗ ಮಾಡು ಮಾರಾಯ್ತಿ, ಜಗಳಾ ನೀವಿಬ್ಬರ ಆಡ್ಕೋರಿ, ನಾ ಊಟಾ ಮಾಡ್ತೀನಿ" ಎಂದರು.

ನಮ್ಮ ಗೇಟಿನ ಹಿರಿಯ ಕಾವಲುಗಾರರು ಸೈನ್ಯದಿಂದ ನಿವೃತ್ತರಾದ ಸುಬೇದಾರರು. ವಿಜಯಪುರದ ಕಡೆಯವರು, ಪಕ್ಕದ ಕಾಂಪ್ಟಿಯ ದಂಡಿನಲ್ಲಿ ಕೊನೆಯ ಪೋಸ್ಟಿಂಗ್ ಮುಗಿಸಿ ಅಲ್ಲೇ ಮನೆ ಮಾಡಿದವರು. ನಾನು ಧಾರವಾಡದವಳೆಂದು ತಿಳಿದ ದಿನದಿಂದ ಅವರಿಗೆ ನಾನು ಮ್ಯಾಡಮ್ ಅಲ್ಲ, ನಮ್ಮ ಕಡೆಯ ಮಾತಿನಲ್ಲಿ ಬಾಯಾರು. ನನಗೆ ಅವರು ಕಾಕಾ. ಮೀಸೆ ದೊಡ್ಡದು, ದನಿ ಇನ್ನೂ ದೊಡ್ಡದು. ಬೇಸಿಗೆ ಬಂದರೆ ಗೇಟಿನೊಳಗಿನ ಬೇವಿನ ಮರದ ಕೆಳಗೆ ಅವರ ಅರವಟ್ಟಿಗೆ ಶುರು. ಕೆಂಪು ಬಟ್ಟೆ ಸುತ್ತಿದ ದೊಡ್ಡ ದೊಡ್ಡ ಮಣ್ಣಿನ ಹರವಿಗಳು, ಪಕ್ಕದಲ್ಲಿ ಕಲ್ಲಿನ ಕಟ್ಟೆ, ಮರಕ್ಕೆ ಹೊಡೆದ ಮೊಳೆಗೆ ತೂಗುಹಾಕಿದ ಉದ್ದ ಹಿಡಿಕೆಯ ಹಿತ್ತಾಳೆ ಸೌಟು. ಸೌಟು ಅವರದೇ, ಮನೆಯಿಂದ ತಂದದ್ದು. ಹರವಿ ಕೊಡಿಸಿದವಳು ಕೇರ್‌ಟೇಕರ್ ಆದ ನಾನು.

ನಾಗಪುರದ ಮೇ ತಿಂಗಳಲ್ಲಿ ಬೀದಿಗಿಳಿದವರಿಗೆ ಮಾತ್ರ ಆ ನೀರಿನ ಬೆಲೆ ಗೊತ್ತು. ಇಲ್ಲಿ ಬಿಸಿಲು ತಾಗದಿರಲೆಂದು ಜನ ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡು ತಿರುಗುತ್ತಾರೆ. ನಮ್ಮ ದೊಡ್ಡ ಸಾಹೇಬರ ಕೋಟಿನ ಜೇಬಿನಲ್ಲೂ ಒಂದಿದೆ. ಸಭೆಯಲ್ಲಿ ಕರವಸ್ತ್ರ ತೆಗೆಯಲು ಹೋಗಿ ಅದನ್ನು ಮೇಜಿನ ಮೇಲೆ ಉರುಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅರವಟ್ಟಿಗೆಯಲ್ಲಿ ಲೋಟವಿಲ್ಲ. ಲೋಟ ಇಟ್ಟರೆ ಲೋಟ ಹೋಗುತ್ತದೆ, ಸರಪಳಿ ಕಟ್ಟಿದರೆ ಸರಪಳಿಯೂ ಹೋಗುತ್ತದೆ. ಆದ್ದರಿಂದ ಬೊಗಸೆ. ಕಾಕಾ ಎತ್ತರದಿಂದ ನೀರು ಹೊಯ್ಯುತ್ತಾರೆ, ಬಂದವರು ಬಗ್ಗಿ ಕುಡಿಯುತ್ತಾರೆ. ಬೊಗಸೆಗೆ ಎರಡೂ ಕೈ ಬೇಕು, ಹಾಗಾಗಿ ಕೈಯಲ್ಲಿದ್ದದ್ದನ್ನು ಕಟ್ಟೆಯ ಮೇಲೆ ಇಡಬೇಕು. ಹೊಟ್ಟೆ ತಂಪಾದ ಮೇಲೆ ಜನ ಅದನ್ನು ಅಲ್ಲೇ ಮರೆತು ಹೋಗುತ್ತಾರೆ. ಛತ್ರಿ, ಹೆಲ್ಮೆಟ್, ಊಟದ ಡಬ್ಬಿ, ಒಮ್ಮೆ ಒಂದು ಕಾಲಿನ ಚಪ್ಪಲಿ. ಒಂದೇ ಚಪ್ಪಲಿಯಲ್ಲಿ ಆ ಮನುಷ್ಯ ಆ ಬಿಸಿಲಲ್ಲಿ ಹೇಗೆ ಹೋದನೋ ದೇವರಿಗೇ ಗೊತ್ತು. ಇವನ್ನೆಲ್ಲ ಕಾವಲುಗಾರರು ನನ್ನ ಕೋಣೆಯ ಕಪಾಟಿನಲ್ಲಿ ತಂದಿಡುತ್ತಾರೆ. ಯಾವನೋ ಒಬ್ಬ ತನ್ನ ಡಬ್ಬಿಯ ಅವಲಕ್ಕಿ ಪೋಹೆಯನ್ನು ಕಾವಲುಗಾರರು ತಿಂದರು ಎಂದು ರಂಪ ಮಾಡಿದ್ದರಿಂದ, ಮರೆತ ವಸ್ತುಗಳನ್ನು ಯಾರೂ ಬಿಚ್ಚಿ ನೋಡಬಾರದು ಎಂದು ಕೇರ್‌ಟೇಕರ್ ಆದ ನಾನು ಆದೇಶ ಹೊರಡಿಸಿದೆ. ಬಿಚ್ಚಿ ನೋಡದೆ ಒಳಗೆ ತರುವುದು ಅಪಾಯ ಎಂದು ಭದ್ರತಾ ಅಧಿಕಾರಿಯಾದ ನಾನು ಆಕ್ಷೇಪಿಸಿದೆ. ಆ ಫೈಲು ನನ್ನಿಬ್ಬರ ನಡುವೆ ಇನ್ನೂ ಓಡಾಡುತ್ತಿತ್ತು.

ಹೀಗಿರುವಾಗ ದೆಹಲಿಯಿಂದ ಭದ್ರತಾ ತಪಾಸಣೆ ಬರುತ್ತದೆ ಎಂಬ ಸುದ್ದಿ ಬಂತು. ಭದ್ರತಾ ಅಧಿಕಾರಿಗೆ ನಡುಕ ಹುಟ್ಟಿತು. ಗೇಟಿನ ಒಳಗೆ ಅರವಟ್ಟಿಗೆ ಎಂದರೆ, ಬಾಯಾರಿದವನು ಯಾರೇ ಆಗಲಿ ಪಾಸಿಲ್ಲದೆ ಒಳಗೆ ಬರಬಹುದು ಎಂದಾಯಿತಲ್ಲ! ಹರವಿಗಳನ್ನು ತೆಗೆಸಿ ಎಂದು ನನಗೆ ನಾನೇ ಬರೆದೆ. ಸಾಧ್ಯವಿಲ್ಲ ಎಂದು ನನಗೆ ನಾನೇ ಉತ್ತರಿಸಿದೆ. ವಿಷಯ ದೊಡ್ಡ ಸಾಹೇಬರವರೆಗೆ ಹೋಯಿತು. ಅವರು ಇಬ್ಬರನ್ನೂ ಚರ್ಚೆಗೆ ಕರೆದರು. ನಾನು ಹೋಗಿ ಕುಳಿತೆ. ಸಾಹೇಬರು ಬಾಗಿಲ ಕಡೆ ನೋಡುತ್ತಲೇ ಇದ್ದರು. ಆಮೇಲೆ ನೆನಪಾಯಿತು, ಪಾಪ. "ನೀವಿಬ್ಬರೂ ಒಂದು ಮಾತಿಗೆ ಬರುವವರಲ್ಲ, ತಪಾಸಣಾಧಿಕಾರಿ ಏನು ಬರೆಯುತ್ತಾರೋ ಹಾಗೇ ಮಾಡೋಣ" ಎಂದು ಹಿಂದಿಯಲ್ಲಿ ಹೇಳಿ ಕೈತೊಳೆದುಕೊಂಡರು.

ಕಾಕಾನಿಗೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಆದರೂ ಹೇಳಿದೆ.

"ಹರವಿ ಹೋದ್ರ ನಾನೂ ಹೊಕ್ಕೀನ್ರಿ ಬಾಯಾರ" ಎಂದರು.

"ಏನ್ ಕಾಕಾ, ನೀರಿನ ಸಂಬಂಧ ನೌಕರಿ ಬಿಡ್ತೀರೇನು?"

"ಕೇಳ್ರಿಲ್ಲೆ. ಗೇಟಿಗೆ ಬಂದವರಿಗೆಲ್ಲಾ ಬ್ಯಾಡ ಅನ್ನೂದ ನನ್ನ ಕೆಲಸ. ಪಾಸ್ ಇಲ್ಲ, ಬ್ಯಾಡ. ಟೈಮ್ ಮುಗದೈತಿ, ಬ್ಯಾಡ. ಸಾಹೇಬ್ರಿಲ್ಲ, ನಾಳೆ ಬರ್ರಿ. ದಿನಾ ಬ್ಯಾಡ ಅಂದು ಅಂದು ಬಾಯಿ ಕಹಿ ಆಗಿ ಹೋಗೇತಿ. ನೀರ ಒಂದಕ್ಕ ನಾ ಹೌದು ಅಂತೀನ್ರಿ. ಅದೂ ಬ್ಯಾಡಂದ್ರ, ಗೇಟಿಗೆ ಒಂದು ಬೋರ್ಡ್ ಹಾಕ್ರಿ, ಸಾಕು. ಮನಷ್ಯಾ ಯಾಕ ಬೇಕು?"

ನಾನು ಒಳಗೆ ಹೋಗಿ ಹರವಿಯ ಫೈಲನ್ನು ಮೇಜಿನ ಖಾನೆಗೆ ಹಾಕಿದೆ. ಇಬ್ಬರಲ್ಲಿ ಯಾರೂ ಆಕ್ಷೇಪಿಸಲಿಲ್ಲ.

ತಪಾಸಣೆಯ ದಿನ ಕಾಕಾ ಒಂದು ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡೇ ಬಂದರು. ಸೌಟು ಸುತ್ತಿಕೊಂಡು ಹೋಗಲಿಕ್ಕೆ ಎಂದು ನನಗೆ ಗೊತ್ತಾಯಿತು.

ಇಂಥ ತಪಾಸಣೆಯಲ್ಲಿ ಒಂದು ಆಟವಿದೆ. ತಪಾಸಣಾಧಿಕಾರಿ ಒಳಗೆ ಕೂತು ಚಹಾ ಕುಡಿಯುತ್ತಿರುವಾಗ, ಅವರ ಕಡೆಯವನೊಬ್ಬ ಸುಳ್ಳು ಬಾಂಬಿನ ಚೀಲ ಹಿಡಿದು ಹೇಗಾದರೂ ಒಳನುಸುಳಿ ಯಾವುದಾದರೂ ಅಧಿಕಾರಿಯ ಕೋಣೆಯಲ್ಲಿ ಅದನ್ನು ಇಟ್ಟು ಹೋಗಬೇಕು. ಇಟ್ಟರೆ ನಾವು ಫೇಲು. ಇದು ನಮಗೆಲ್ಲ ಗೊತ್ತಿದ್ದರಿಂದ ಬೆಳಿಗ್ಗೆಯಿಂದ ಗೇಟಿನಲ್ಲಿ ಯಾರಿಗೂ ಉಳಿಗಾಲವಿರಲಿಲ್ಲ. ಕೊರಳಲ್ಲಿ ಗುರುತಿನ ಬಿಲ್ಲೆ ಇಲ್ಲವೆಂದು ದೊಡ್ಡ ಸಾಹೇಬರನ್ನೇ ತಡೆದರು. ನನ್ನನ್ನು ಮಾತ್ರ ಬಿಟ್ಟರು, ಆದರೆ ಸಂದರ್ಶಕರ ಪುಸ್ತಕದಲ್ಲಿ ಎರಡು ಸಲ ಸಹಿ ಮಾಡಿಸಿಕೊಂಡರು.

ಮಧ್ಯಾಹ್ನ ಒಬ್ಬ ಮನುಷ್ಯ ಚೀಲ ಹಿಡಿದು ಗೇಟಿಗೆ ಬಂದ. ಮುಖ ಕೆಂಪು ಮೆಣಸಿನಕಾಯಿ. ಬೆಳಗಿನಿಂದ ನಮ್ಮ ಕಾಂಪೌಂಡಿನ ಸುತ್ತ ಸಂದು ಹುಡುಕುತ್ತ ಸುತ್ತಿದ್ದನಂತೆ. ಆಮೇಲೆ ಅವನೇ ಹೇಳಿದ್ದು. ಉಳಿದ ಕಾವಲುಗಾರರು ಪಾಸ್ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮೊದಲು ನೀರು ಕುಡಿಯಲಿ ಎಂದು ಕಾಕಾ ಗದರಿದರು, "ಅರೇ ಪಹಲೇ ಪಾನೀ ಪೀನೇ ದೋ!" ಚೀಲ ಕಟ್ಟೆಯ ಮೇಲೆ ಇಡಿಸಿದರು. ಅವನು ಬಗ್ಗಿ ಕುಡಿದ, ಕುಡಿದ, ತಲೆಯ ಮೇಲೂ ಹೊಯ್ಯಿಸಿಕೊಂಡ. ಕಾಕಾ ಅವನ ಕೈಗೆ ಒಂದು ಈರುಳ್ಳಿ ಕೊಟ್ಟು ಬೇವಿನ ನೆರಳಲ್ಲಿ ಕೂರಿಸಿದರು. ಅವನು ಅಲ್ಲೇ ಗೊರಕೆ ಹೊಡೆದ. ಎಚ್ಚರವಾದಾಗ ಕಾಕಾನಿಗೆ ಕೈಮುಗಿದು, ಈರುಳ್ಳಿಯನ್ನು ಜೇಬಿಗಿಳಿಸಿ, ತಾನು ಏನಕ್ಕೆ ಬಂದಿದ್ದೆ ಎಂಬುದನ್ನು ಸಂಪೂರ್ಣ ಮರೆತು ಗೇಟು ದಾಟಿ ಹೊರಟುಹೋದ.

ಎದುರಿನ ಚಹಾದಂಗಡಿಯಲ್ಲಿ ಅವನಿಗೆ ನೆನಪು ಬಂತು. ಓಡಿ ಬಂದ. ಆಗ ಕಾಕಾ ಗೇಟಿನಲ್ಲಿರಲಿಲ್ಲ. ಇದ್ದವರು ಪಾಸ್ ಕೇಳಿದರು. ಇಲ್ಲ ಎಂದ. "ಹಾಗಾದರೆ ನಡಿ" ಎಂದರು. ಅವನು ನಾಚಿಕೆಯಿಂದ ಚೀಲದ ಸುದ್ದಿ ನುಂಗಿಕೊಂಡು, ಒಳಗೆ ಬಿಡಲೇ ಇಲ್ಲ ಎಂದಷ್ಟೇ ತನ್ನ ಸಾಹೇಬರಿಗೆ ಫೋನು ಮಾಡಿದ.

ಕಾಕಾ ಆಗ ಎಲ್ಲಿದ್ದರು? ಮರೆತ ಚೀಲವನ್ನು ಹೊತ್ತುಕೊಂಡು ನನ್ನ ಕೋಣೆಗೆ ಹೊರಟಿದ್ದರು. ಮೆಟಲ್ ಡಿಟೆಕ್ಟರ್ ಕೂಗಿಕೊಂಡಿತು. ಅದು ಊಟದ ಡಬ್ಬಿಗೂ ಕೂಗುತ್ತದೆ, ನನ್ನ ಬಳೆಗೂ ಕೂಗುತ್ತದೆ, ಒಮ್ಮೊಮ್ಮೆ ಯಾರೂ ಇಲ್ಲದಾಗಲೂ ಕೂಗುತ್ತದೆ. ಆದೇಶದಂತೆ ಬಿಚ್ಚಿ ನೋಡದೆ, ಅವರು ಚೀಲವನ್ನು ಭದ್ರತಾ ಅಧಿಕಾರಿಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಸುಳ್ಳು ನುಸುಳುಕೋರನಿಗೆ ಸಾಧ್ಯವಾಗದ್ದನ್ನು ನಾವೇ ಮುಂದೆ ನಿಂತು ಮಾಡಿಕೊಟ್ಟೆವು.

ಸಂಜೆ ತಪಾಸಣಾಧಿಕಾರಿ ವರದಿ ಬರೆಯಲು ನನ್ನ ಕೋಣೆಗೆ ಬಂದರು, ಏಕೆಂದರೆ ಇಡೀ ಕಟ್ಟಡದಲ್ಲಿ ಸರಿಯಾಗಿ ತಂಪು ಬೀಸುವ ಕೂಲರ್ ಇರುವುದು ಕೇರ್‌ಟೇಕರ್ ಕೋಣೆಯಲ್ಲಿ ಮಾತ್ರ. ಅದಕ್ಕೆ ಕಾರಣ ಯಾರೂ ಕೇಳಿಲ್ಲ. ಒಣಕಲು ಮೈ, ಇಸ್ತ್ರಿ ಮಾಡಿದಂಥ ಮುಖದ ಮನುಷ್ಯ. "ಉತ್ತಮ" ಎಂದು ಬರೆಯುತ್ತಿದ್ದುದನ್ನು ನಾನು ತಲೆಕೆಳಗಾಗಿ ಓದುತ್ತಿದ್ದೆ. ಅಷ್ಟರಲ್ಲಿ ಕಪಾಟಿನೊಳಗಿಂದ ಟ್ರಿಣ್ ಟ್ರಿಣ್ ಎಂದು ಅಲಾರಾಂ ಹೊಡೆಯಿತು.

ಕಪಾಟು ತೆಗೆದೆ. ಛತ್ರಿಗಳ ಮಧ್ಯೆ, ಆ ಒಂಟಿ ಚಪ್ಪಲಿಯ ಪಕ್ಕ ಚೀಲ. ಚೀಲದಲ್ಲಿ ತಗಡಿನ ಡಬ್ಬಿ, ಅದರ ಮೇಲೆ ಕೆಂಪಕ್ಷರದಲ್ಲಿ ಬಾಂಬು ಎಂದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಕಾಕಾನನ್ನು ಕರೆಸಿದೆ. ಅವರು ಡಬ್ಬಿ ನೋಡಿ, "ಅಯ್ಯ, ಆ ನಿದ್ದಿ ಹೊಡದ ಮನಷ್ಯಾಂದ ಅಲ್ರೀ ಇದು! ಪಾಪ, ಮರತ ಹೋಗ್ಯಾನ" ಎಂದರು.

ಬಿಚ್ಚಬಾರದೆಂಬ ಆದೇಶ ಯಾರದು ಎಂದು ತಪಾಸಣಾಧಿಕಾರಿ ಕೇಳಿದರು. ಕೇರ್‌ಟೇಕರ್‌ದು, ಭದ್ರತಾ ಅಧಿಕಾರಿ ಆಕ್ಷೇಪಿಸಿದ್ದಾರೆ ಎಂದು ಫೈಲು ತೋರಿಸಿದೆ. "ಆ ಕೇರ್‌ಟೇಕರ್‌ನನ್ನು ಈಗಲೇ ಕರೆಸಿ" ಎಂದು ಗುಡುಗಿದರು. ನಾನು ಎದ್ದು ನಿಂತೆ. ಮತ್ತೆ ಕುಳಿತೆ. ಅವರು ನನ್ನನ್ನೂ ಎರಡು ಮೊಹರುಗಳನ್ನೂ ಬಹಳ ಹೊತ್ತು ನೋಡಿದರು.

ಕೊನೆಗೆ ಬರೆದದ್ದು ಇಷ್ಟು: ಭದ್ರತಾ ಅಧಿಕಾರಿಯ ಎಚ್ಚರ ಶ್ಲಾಘನೀಯ, ಕೇರ್‌ಟೇಕರ್‌ಗೆ ಮೆಮೊ ಕೊಡತಕ್ಕದ್ದು. ಅದರ ಕೆಳಗೆ, ಗೇಟಿನೊಳಗಿನ ನೀರಿನ ಹರವಿಗಳನ್ನು ಕೂಡಲೇ ತೆಗೆಸತಕ್ಕದ್ದು.

"ಅಪರಾಧ ನಂದ್ರೀ, ಹರವೀದಲ್ಲ" ಎಂದು ಕಾಕಾ ಕನ್ನಡದಲ್ಲೇ ಹೇಳಿದರು. ನಾನು ಹಿಂದಿಗೆ ತಿರುಗಿಸಿ ಹೇಳಿದೆ. ಅಧಿಕಾರಿ ತಲೆಯೆತ್ತಲಿಲ್ಲ. ಕಾಕಾ ಒಂದು ಸೆಲ್ಯೂಟ್ ಹೊಡೆದು ಹೊರಟರು. ಕಿಟಕಿಯಿಂದ ನೋಡಿದೆ. ಸೌಟನ್ನು ಮೊಳೆಯಿಂದ ತೆಗೆದು ಟವೆಲಿನಲ್ಲಿ ಸುತ್ತುತ್ತಿದ್ದರು. ನನಗೆ ಅಳು ಬಂತು. ಅಳುವಿಗಿಂತ ಸಿಟ್ಟು ಹೆಚ್ಚು ಬಂತು: ಆ ತಪಾಸಣಾಧಿಕಾರಿಯ ಮೇಲೆ, ಶ್ಲಾಘನೆ ಗಿಟ್ಟಿಸಿಕೊಂಡ ಭದ್ರತಾ ಅಧಿಕಾರಿಯ ಮೇಲಂತೂ ಮೈಯೆಲ್ಲ ಉರಿಯಿತು.

ತಪಾಸಣಾಧಿಕಾರಿಯ ಕಾರು ದಿನವಿಡೀ ಬಿಸಿಲಲ್ಲಿ ನಿಂತು ಒಲೆಯಾಗಿತ್ತು. ಅದು ತಂಪಾಗುವ ತನಕ ಅವರು ಬೇವಿನ ಕೆಳಗೆ ನಿಂತರು. ಬೇರೆಲ್ಲೂ ನೆರಳಿಲ್ಲ. ಹರವಿಯ ಕಡೆ ಒಮ್ಮೆ ನೋಡಿದರು, ಆಮೇಲೆ ಬೇರೆ ಕಡೆ, ಮತ್ತೆ ಹರವಿಯ ಕಡೆ. ಕಾಕಾ ಏನೂ ಕೇಳದೆ ಟವೆಲ್ ಬಿಚ್ಚಿದರು. "ಬ್ಯಾಗ್ ನೀಚೇ ರಖಿಯೇ ಸಾಬ್." ಇಸ್ತ್ರಿ ಮುಖದ ಮನುಷ್ಯ ಬ್ರೀಫ್‌ಕೇಸ್ ಕಟ್ಟೆಯ ಮೇಲಿಟ್ಟು, ಬಗ್ಗಿ, ಮುಂಗೈ ತೋಯಿಸಿಕೊಂಡು ಚಿಕ್ಕ ಹುಡುಗನ ಹಾಗೆ ಕುಡಿದರು. ಮುಖ ಒರೆಸಿಕೊಂಡು ಕಾರು ಹತ್ತಿದರು. ಕಾರು ಹೋಯಿತು.

ಬ್ರೀಫ್‌ಕೇಸ್ ಕಟ್ಟೆಯ ಮೇಲೆಯೇ ಇತ್ತು.

ಈ ಸಲ ಕಾಕಾ ತಪ್ಪು ಮಾಡಲಿಲ್ಲ. ಸೀಟಿ ಊದಿದರು, ಹಗ್ಗ ಕಟ್ಟಿಸಿದರು, ಕಚೇರಿಯ ಜನರನ್ನೆಲ್ಲ ದೂರ ನಿಲ್ಲಿಸಿದರು. ನಿಯಮದಂತೆ ಎಲ್ಲರೂ ಬಿಸಿಲಲ್ಲಿ ನಿಂತು ಒಂದು ಬ್ರೀಫ್‌ಕೇಸನ್ನು ದಿಟ್ಟಿಸುತ್ತಿದ್ದೆವು. ಪಕ್ಕದ ಸದರ್ ಬಜಾರಿನ ತನಕ ಹೋಗಿದ್ದ ಕಾರು ವಾಪಸು ಬಂತು. ತಪಾಸಣಾಧಿಕಾರಿ ಇಳಿದು ಓಡಿ ಬಂದರೆ ಗೇಟಿನವರು ಅಡ್ಡಗಟ್ಟಿ ಪಾಸ್ ಕೇಳಿದರು.

"ಪಾಸ್ ಆ ಬ್ಯಾಗಿನಲ್ಲಿದೆ!"

"ಪಾಸಿಲ್ಲದೆ ಬ್ಯಾಗಿನ ಹತ್ತಿರ ಬಿಡಲು ಆಗುವುದಿಲ್ಲ ಸರ್. ಬೆಳಿಗ್ಗೆ ನೀವೇ ಹೇಳಿದ್ದು."

ಅವರು ನನ್ನ ಕಡೆ ನೋಡಿದರು. ಭದ್ರತಾ ಅಧಿಕಾರಿ ನಿಯಮ ಮೀರುವಂತಿಲ್ಲ, ಕೇರ್‌ಟೇಕರ್‌ಗೆ ಆ ಅಧಿಕಾರವಿಲ್ಲ. ಸುಳ್ಳೇಕೆ, ಇಬ್ಬರಿಗೂ ಖುಷಿಯಾಗಿತ್ತು. ಅವರ ತಲೆಯಿಂದ ಬೆವರು ಇಳಿಯುತ್ತಿತ್ತು. ಬಹಳ ಹೊತ್ತಾದ ಮೇಲೆ ದನಿ ಇಳಿಸಿ ಕೇಳಿದರು, "ನೀರಾದರೂ ಕೊಡುತ್ತೀರಾ?"

"ಹಾಂ ಸಾಬ್, ಆಯಿಯೇ. ಪಾನೀ ಕೇ ಲಿಯೇ ಪಾಸ್ ನಹೀ ಲಗತಾ" ಎಂದು ಕಾಕಾ ತಾವೇ ಹಗ್ಗ ಎತ್ತಿ ಹಿಡಿದರು.

ಅವರು ಬಗ್ಗಿ ಬಂದರು, ಕುಡಿದರು, ತಲೆಯ ಮೇಲೂ ಹೊಯ್ಯಿಸಿಕೊಂಡರು. ಆಮೇಲೆ ಕಟ್ಟೆಯ ಮೇಲೆ ಕೂತು ಬ್ರೀಫ್‌ಕೇಸ್ ತೆರೆದು ವರದಿ ಹೊರತೆಗೆದರು. ಓದಿದರು. ಅವರಿಗೆ ಒಮ್ಮೆಲೇ ನಗು ಬಂತು. ಅಂಥ ಮುಖದಲ್ಲಿ ನಗು ಇರಬಹುದೆಂದು ನಾನು ಎಣಿಸಿರಲಿಲ್ಲ. "ಹರವಿ ತೆಗೆಸಿ ಅಂತ ಬರೆದರೆ, ಪಾಸಿಲ್ಲದೆ ಅದರ ನೆಪದಲ್ಲಿ ಒಳಗೆ ಬಂದವರು ಯಾರು ಅಂತಲೂ ಬರೆಯಬೇಕಾಗುತ್ತದೆ" ಎಂದು ನನಗೆ ಹೇಳಿ, ಆ ಸಾಲಿನ ಮೇಲೆ ಗೀಟು ಎಳೆದು ಪಕ್ಕದಲ್ಲಿ ಸಹಿ ಹಾಕಿದರು. ಮೆಮೊ ಮಾತ್ರ ಹಾಗೇ ಬಿಟ್ಟರು. ಕೇರ್‌ಟೇಕರ್ ಎಂದರೆ ಎಲ್ಲರಿಗೂ ಅಷ್ಟೇ.

ಗೀಟಿನ ಅರ್ಥವೇನೆಂದು ನಾನು ಕಾಕಾನಿಗೆ ಹೇಳಿದೆ. ಆ ದೊಡ್ಡ ದನಿಯ ಮನುಷ್ಯನ ಮೀಸೆ ಸ್ವಲ್ಪ ನಡುಗಿತು, ಅಷ್ಟೇ. ಸೌಟನ್ನು ಟವೆಲಿನಿಂದ ಒರೆಸಿ ಮೊಳೆಗೆ ಹಾಕಲು ಹೋದವರು ತಿರುಗಿ, "ನಿಮಗ ಬೇಕೇನ್ರಿ ಬಾಯಾರ?" ಎಂದರು.

ಬೆಳಗಿನಿಂದ ನಾನು ಒಂದು ಹನಿ ಕುಡಿದಿರಲಿಲ್ಲ ಎಂದು ಆಗಲೇ ನೆನಪಾದದ್ದು. ಎರಡೂ ಮೊಹರುಗಳು ಯಾಕೋ ಕೈಯಲ್ಲೇ ಇದ್ದವು. ಕಟ್ಟೆಯ ಮೇಲೆ ಇಟ್ಟು ಬೊಗಸೆ ಒಡ್ಡಿದೆ.

"ಹೌದ್ರಿ ಕಾಕಾ" ಎಂದೆ.