ಆಯಿ ಆರಿಸಿ ಕೊಟ್ಟ ಬಂಗಡೆ

"ಮೀನು ಕೊಯ್ಯೂಕೆ ಎಮ್ಮೆಸ್ಸಿ ಬೇಕಾಯ್ತನೇ? ನಿನ್ನ ಆಯಿ ಓದ್ದೇನೇ ದಿನಾ ಕೊಯ್ತದಲ್ಲಾ!"

ಅಂಕೋಲೆಯ ಮೀನುಪೇಟೆಯಲ್ಲಿ ನನ್ನ ತಾಯಿಯ ಪಕ್ಕ ಕೂತು ಮಾರುತ್ತಿದ್ದ ಹೆಂಗಸು ನನ್ನನ್ನು ಕಂಡಾಗಲೆಲ್ಲ ಹೀಗೆ ಕೆಣಕುತ್ತಿದ್ದಳು. ಎರಡು ಸಾವಿರದ ದಶಕದ ನಡುವಿನ ಮಾತು. ನಾನು ಆಗ ಕಾರವಾರದ ಕೋಡಿಬಾಗದಲ್ಲಿರುವ ಸರ್ಕಾರಿ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಕಡಲ ಜೀವಶಾಸ್ತ್ರದ ಎಮ್ಮೆಸ್ಸಿ ಓದುತ್ತಿದ್ದೆ. ಅವಳ ಪ್ರಶ್ನೆ ತಪ್ಪೇನೂ ಆಗಿರಲಿಲ್ಲ. ಮೀನು ಮಾರುವವಳ ಮಗಳಿಗೆ ಮೀನಿನ ಹೊಟ್ಟೆ ಬಗೆಯುವುದನ್ನು ಸರ್ಕಾರ ತನ್ನ ಖರ್ಚಿನಲ್ಲಿ ಯಾಕೆ ಕಲಿಸಬೇಕು? ನನಗೂ ಗೊತ್ತಿರಲಿಲ್ಲ. ಶುಲ್ಕ ಕಡಿಮೆ, ಬಸ್ ಪಾಸು ಸಿಗುತ್ತದೆ, ಮನೆಯಿಂದಲೇ ಓಡಾಡಬಹುದು ಎಂದು ಸೇರಿದ್ದೆ. ಕನಸು ಗಿನಸು ಏನೂ ಇರಲಿಲ್ಲ.

ಕನಸು ಇದ್ದದ್ದು ಆಯಿಗೆ. ಅಪ್ಪ ತೀರಿಕೊಂಡ ಮೇಲೆ ಅವಳ ತಲೆಯ ಮೇಲಿನ ಬುಟ್ಟಿಯಿಂದಲೇ ಮನೆ ನಡೆದಿತ್ತು. ಮಂಡಿ ಸವೆದಿದೆ, ಹೊರೆ ಹೊರುವುದನ್ನು ನಿಲ್ಲಿಸು ಎಂದು ಡಾಕ್ಟರು ಹೇಳಿಯಾಗಿತ್ತು. ನನ್ನ ಓದು ಮುಗಿದು ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದ ದಿನವೇ ಬುಟ್ಟಿ ಇಳಿಸುತ್ತೇನೆ ಎಂದು ಅವಳೇ ಗಡುವು ಹಾಕಿಕೊಂಡಿದ್ದಳು. ಅಲ್ಲಿಯವರೆಗೆ ದಿನಾ ಸಂಜೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ "ಅಯ್ಯಯ್ಯೋ, ಸತ್ತೆ" ಎನ್ನುವಳು. ನನಗೆ ಕೇಳಿ ಕೇಳಿ ಸಾಕಾಗಿತ್ತು.

ಕೊನೆಯ ವರ್ಷದ ಪ್ರಬಂಧಕ್ಕೆ ನನಗೆ ಸಿಕ್ಕಿದ ವಿಷಯ ಬಂಗಡೆ. ತಿಂಗಳಿಗೊಮ್ಮೆ ದೋಣಿ ಬರುವ ದಂಡೆಗೆ ಹೋಗಿ ನಲವತ್ತು ಮೀನು ತರಬೇಕು. ಉದ್ದ ಅಳೆಯಬೇಕು, ಹೊಟ್ಟೆಯಲ್ಲಿ ಏನಿದೆ, ಮೊಟ್ಟೆ ಕಟ್ಟಿದೆಯೇ ಎಂದು ನೋಡಬೇಕು. "ರಾಶಿಗೆ ಕೈ ಹಾಕಿ ಬಂದದ್ದನ್ನು ತಗೊಳ್ಳಿ. ಆರಿಸಬೇಡಿ," ಎಂದು ಮಾರ್ಗದರ್ಶಕರು ಹೇಳಿದ್ದರು. ಆಯಿ ಹೇಗೂ ಬೆಳಿಗ್ಗೆ ದಂಡೆಗೆ ಹೋಗುತ್ತಾಳಲ್ಲ! ಕೆಲಸವನ್ನು ಅವಳಿಗೆ ಒಪ್ಪಿಸಿ ನಾನು ಇನ್ನರ್ಧ ಗಂಟೆ ಮಲಗಿದೆ.

ಮೊದಲ ತಿಂಗಳು ಡಬ್ಬಿ ತೆರೆದರೆ ನಲವತ್ತೂ ಬಂಗಡೆಗಳ ಹೊಟ್ಟೆ ಖಾಲಿ. ಕರುಳು ತೆಗೆದು, ತೊಳೆದು, ಉಪ್ಪು ಸವರಿ ಕಳಿಸಿದ್ದಳು. ಪ್ರಯೋಗಾಲಯದಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರ್ಗದರ್ಶಕರಂತೂ ಅರಿಶಿನ ಯಾಕೆ ಮರೆತರು ಎಂದು ಕೇಳಿದರು. ಕೊಯ್ಯಬೇಡ ಮಾರಾಯ್ತಿ, ಇದ್ದ ಹಾಗೇ ಕೊಡು ಎಂದು ಆಯಿಗೆ ಹೇಳಿದೆ. ಆಮೇಲಿನ ತಿಂಗಳುಗಳಲ್ಲಿ ಮೀನು ಇಡಿಯಾಗಿಯೇ ಬಂತು. ನಾನು ಅಳೆದೆ, ಬರೆದೆ.

ಐದು ತಿಂಗಳಾದ ಮೇಲೆ ಮಾರ್ಗದರ್ಶಕರು ನನ್ನ ಪಟ್ಟಿಯನ್ನು ಮುಂದಿಟ್ಟುಕೊಂಡು ಕನ್ನಡಕ ತೆಗೆದರು. "ಏನಮ್ಮಾ, ನಮ್ಮ ಕಡಲಿನಲ್ಲಿ ಮರಿಮೀನೇ ಇಲ್ಲವೇ?"

ನೋಡಿದರೆ ಹೌದು. ಎಲ್ಲವೂ ದಷ್ಟಪುಷ್ಟ, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ. ಮನೆಗೆ ಬಂದು ಆಯಿಯನ್ನು ಕೇಳಿದೆ.

"ಆರಿಸಿ ಕೊಟ್ಟಿದ್ದೆ, ಮತ್ತೆಂತ?" ಎಂದಳು ಹೆಮ್ಮೆಯಿಂದ. "ಕಲಿಸೂ ಮಾಸ್ತರ್ರ ಮುಂದೆ ಇಡೂ ಮೀನು. ಸಣ್ಣದು, ಮುಕ್ಕಾದ್ದು ಕೊಡೂಕಾಗ್ತದಾ? ನಂಗೆ ಮರ್ಯಾದೆ ಬ್ಯಾಡ್ವಾ?"

ನಾನು ಕೂಗಾಡಿದೆ. ಐದು ತಿಂಗಳ ಕೆಲಸ ನೀರುಪಾಲು ಮಾಡಿದೆ ಎಂದೆ. ಆರಿಸಬೇಡ ಎಂದು ಹೇಳದೆ ಮಲಗಿದ್ದವಳು ನಾನು, ಬೈಸಿಕೊಂಡವಳು ಅವಳು. ಅವಳು ಎದ್ದು ಒಳಗೆ ಹೋದಳು.

ಮರುದಿನ ಬಸ್ಸಿನಲ್ಲಿ, ತೋಡೂರಿನಲ್ಲಿ ಹತ್ತುತ್ತಿದ್ದ ಸಹಪಾಠಿಗೆ ಎಲ್ಲ ಹೇಳಿಕೊಂಡೆ. ನೌಕಾನೆಲೆಗೆ ಗದ್ದೆ ಕಳೆದುಕೊಂಡ ಮನೆಯವಳು. ಡಿಗ್ರಿಯನ್ನಾದರೂ ಯಾರೂ ಸ್ವಾಧೀನ ಮಾಡಿಕೊಳ್ಳುವ ಹಾಗಿಲ್ಲ ಎಂದು ಅವಳ ಅಪ್ಪ ಓದಿಸುತ್ತಿದ್ದ. ಅವಳಿಗೆ ಬೇಗ ಮುಗಿಸುವ ಅವಸರ. "ಅಷ್ಟಕ್ಕೆಲ್ಲ ಅಳ್ತಾರೇನೇ? ತಿಂಗಳಿಗೆ ಹತ್ತು ಸಣ್ಣ ಮೀನು ನೀನೇ ಬರ್ಕೊ. ಬಂಗಡೆ ಬಂದು ಸಾಕ್ಷಿ ಹೇಳ್ತದಾ?" ಎಂದಳು. ಅರ್ಗಾದಲ್ಲಿ ನೌಕಾನೆಲೆಯ ಗೋಡೆ ಮುಗಿಯುವಷ್ಟರಲ್ಲಿ ನಾನು ಒಪ್ಪಿಯಾಗಿತ್ತು. ಹಾಗೆ ಮಾಡದಿದ್ದರೆ ಮೊದಲಿನಿಂದ ಮೀನು ತಂದು ಅಳೆಯಲು ಇನ್ನೊಂದು ವರ್ಷ ಬೇಕು. ಇನ್ನೊಂದು ವರ್ಷವೆಂದರೆ ಆಯಿಯ ತಲೆಯ ಮೇಲೆ ಇನ್ನೊಂದು ವರ್ಷ ಬುಟ್ಟಿ.

ಸಂಜೆ ಇದನ್ನೇ ಆಯಿಗೆ ಹೇಳಿದೆ, ನಿನ್ನ ಸಲುವಾಗಿಯೇ ಮಾಡುತ್ತಿದ್ದೇನೆ ಎನ್ನುವ ಧಾಟಿಯಲ್ಲಿ. ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ಕಾಣದ ಮೀನು ಬರೀತ್ಯಾ? ನಾಚ್ಕೆ ಆಗೂದಿಲ್ವಾ? ಹಳೇ ಮೀನಿಗೆ ನೀರು ಹೊಡ್ದು ತಾಜಾ ಅಂತ ಮಾರಿದ್ರೆ ಒಂದು ಗಿರಾಕಿ ಮೋಸ ಹೋಗ್ತದೆ. ನೀ ಪುಸ್ತಕದಲ್ಲಿ ಸುಳ್ಳು ಬರೆದ್ರೆ ಎಷ್ಟು ಜನ ಮೋಸ ಹೋಗ್ಬೇಕು?"

"ಹಾಗಾದರೆ ಇನ್ನೊಂದು ವರ್ಷ ಹಿಡಿಯುತ್ತದೆ," ಎಂದೆ.

ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು. "ಹಿಡಿದ್ರೆ ಹಿಡೀಲಿ," ಎಂದಳು.

ನಡೆದದ್ದನ್ನು ಹೇಳಿ ಇನ್ನೊಂದು ವರ್ಷ ಕೇಳಿ ಬರೆದ ಅರ್ಜಿಗೆ ಮಾರ್ಗದರ್ಶಕರು ಸಹಿ ಹಾಕಿದರು. ಮುಂದಿನ ತಂಡದ ಜೊತೆ ಪ್ರಬಂಧ ಕೊಡಬಹುದು, ಊರು ಮುಳುಗುವಂಥದ್ದೇನೂ ಆಗಿಲ್ಲ ಎಂದರು. ಕಟ್ಟಬೇಕಾದ ಶುಲ್ಕ ನಮ್ಮಿಂದ ಆಗುವಂಥದ್ದೇ. ದುಬಾರಿ ಕಾಲೇಜಾಗಿದ್ದರೆ ಅಂದೇ ನನ್ನ ಓದು ಮುಗಿಯುತ್ತಿತ್ತು, ಇಲ್ಲವೇ ಸುಳ್ಳು ಬರೆದು ಪಾಸಾಗುತ್ತಿದ್ದೆ. ಇರುವವರ ಮಕ್ಕಳು ತಪ್ಪು ಮಾಡಿದರೆ ಅಪ್ಪಂದಿರು ಇನ್ನೊಂದು ವರ್ಷ ಕೊಂಡು ಕೊಡುತ್ತಾರೆ. ನಮ್ಮಂಥವರಿಗೆ ತಪ್ಪಿ, ತಿದ್ದಿಕೊಂಡು, ಮತ್ತೆ ಅದೇ ಬೆಂಚಿನಲ್ಲಿ ಕೂರಲು ಜಾಗ ಇದ್ದದ್ದು ಅಲ್ಲಿ ಮಾತ್ರ. ಮೀನುಪೇಟೆಯ ಹೆಂಗಸಿಗೆ ಕೊಡಬೇಕಾಗಿದ್ದ ಉತ್ತರ ನನಗೆ ಹೊಳೆದದ್ದು ಆಗಲೇ.

ಆ ವರ್ಷ ನಾನೂ ಬೆಳಿಗ್ಗೆ ಎದ್ದು ದಂಡೆಗೆ ಹೋದೆ. ಆಯಿ ನನಗೆ ರಾಶಿ ಮುಟ್ಟಲು ಬಿಡಲಿಲ್ಲ. ತಾನೇ ಕುಕ್ಕರಗಾಲಲ್ಲಿ ಕೂತು, ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈ ರಾಶಿಯೊಳಗೆ ತೂರಿಸುತ್ತಿದ್ದಳು. ಕಣ್ಣು ತೆರೆದರೆ ಕೈ ದೊಡ್ಡದರ ಕಡೆಗೇ ಹೋಗುತ್ತದೆ ಎಂಬುದು ಅವಳ ವಾದ.

"ಮೈಮೇಲೆ ದೇವ್ರು ಬಂತನೇ?" ಎಂದು ಹೆಂಗಸರು ನಗುವರು.

"ಬಾಯ್ಮುಚ್ರೇ, ಇದು ಯುನಿವರ್ಸಿಟಿ ಕೆಲ್ಸ," ಎಂದು ಆಯಿ ಕಣ್ಣು ಮುಚ್ಚಿಕೊಂಡೇ ಗದರುವಳು.

ಹಾಗೆ ಬಂದ ಮೀನುಗಳಲ್ಲಿ ಮರಿಗಳು ಕಂಡವು, ಕೆಲವು ತಿಂಗಳಂತೂ ಗಾಬರಿಯಾಗುವಷ್ಟು. ಬಲೆ ಏನನ್ನು ಬಾಚಿ ತರುತ್ತಿದೆ ಎಂಬುದು ದಂಡೆಯವರಿಗೆ ಮೊದಲೇ ಗೊತ್ತಿದ್ದ ಸಂಗತಿ. ಕಾಗದದ ಮೇಲೆ ಮಾತ್ರ ಇರಲಿಲ್ಲ. ಪ್ರಬಂಧದ ಒಂದು ಪ್ರತಿ ಕೋಡಿಬಾಗದ ಕಪಾಟಿನಲ್ಲಿದೆ. ಅದರಿಂದ ಕಾನೂನು ಬದಲಾಯಿತು ಎಂದೇನೂ ನಾನು ಹೇಳುವುದಿಲ್ಲ. ಈ ಕಡಲಲ್ಲಿ ಏನಿತ್ತು ಎಂದು ನಾಳೆ ಸರ್ಕಾರಕ್ಕೆ ತಿಳಿಯಬೇಕಾದರೆ ತೆರೆದು ನೋಡಬಹುದು, ಅಷ್ಟೇ. ಅದರಲ್ಲಿ ಬರೆದದ್ದು ನಿಜ.

ಇನ್ನೊಂದು ವಿಷಯ. ಆ ವರ್ಷವಿಡೀ ಆಯಿ ಮಂಡಿಯ ಮಾತೆತ್ತಲಿಲ್ಲ. ಎಣ್ಣೆಯ ಬಾಟಲಿಯೂ ಕೆಳಗಿಳಿಯಲಿಲ್ಲ. ನೋವು ಕಡಿಮೆಯಾಗಿದೆ ಎಂದುಕೊಂಡು ನಾನು ನೆಮ್ಮದಿಯಿಂದಿದ್ದೆ. ಎಂಥ ದಡ್ಡಿ!

ಪಾಸಾದೆ. ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡಲು ಆದೇಶ ಬಂತು. ಮಧ್ಯಾಹ್ನ ಬುಟ್ಟಿ ಹೊತ್ತು ಬಂದವಳ ಕೈಗೆ ಕಾಗದ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದಳು.

"ಮತ್ತೊಂದು ವರ್ಷ ಅಂತ ಇಲ್ಲಲ್ಲಾ?"

"ಇಲ್ಲ."

"ಖರೇ?"

"ಖರೇ, ಆಯಿ."

ಗೋಡೆ ಹಿಡಿದುಕೊಂಡು ಕೂತಳು. ಕೂರಲು ಅವಳಿಗೆ ಎಷ್ಟು ಹೊತ್ತು ಬೇಕಾಯಿತು ಎಂಬುದನ್ನು ನಾನು ನೋಡಿದ್ದು ಅಂದೇ.

"ಹಂಗಾರೆ ಈಗ ಹೇಳ್ತೆ ಮಗಾ," ಎಂದಳು. "ಬಾಳ ನೋಯ್ತದೆ. ಒಂದು ವರ್ಷದಿಂದ ಬಾಳ ನೋಯ್ತದೆ."