ಬೂರುಗದ ಮರಕ್ಕೊಂದು ಕ್ರಿಯಾಪದ

ಇಂಗ್ಲಿಷಿನಲ್ಲಿ ಇನ್ನೊಬ್ಬರ ಬರಹವನ್ನು ಉದ್ಧರಿಸುವಾಗ ಬಳಸುವ ಕ್ರಿಯಾಪದ, ಮನೆಗೆ ಬಂದವರನ್ನು ಎಲ್ಲಿ ಕೂರಿಸುತ್ತೇವೆ ಎಂಬಷ್ಟೇ ಸೂಕ್ಷ್ಮದ ವಿಷಯ. ‘ಸೇಸ್’, ಬರೀ ‘ಹೇಳುತ್ತಾರೆ’ ಎಂದರೆ ಜಗಲಿಯ ಬೆಂಚು. ‘ನೋಟ್ಸ್’, ಅಂದರೆ ಇವರು ಕಂಡು ಹೇಳಿದ್ದಾರೆ, ನಾವು ಒಪ್ಪಿದ್ದೇವೆ ಎಂದರೆ ಒಳಗಿನ ಕುರ್ಚಿ, ಜೊತೆಗೆ ಕಾಫಿ. ‘ಕ್ಲೇಮ್ಸ್’ ಎಂದರೆ, ಇವರೇನೋ ಹಾಗನ್ನುತ್ತಾರೆ, ನಿಜವೋ ಸುಳ್ಳೋ ಎಂದು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿದ ಹಾಗೆ. ನಿವೃತ್ತಿಯವರೆಗೂ ಕಾಲೇಜು ಮಕ್ಕಳಿಗೆ ಈ ತಾರತಮ್ಯವನ್ನೇ ಬೋಧಿಸಿದ ನನ್ನನ್ನು ಈಚೆಗೆ ಒಬ್ಬಳು ಅಂಗಳದಲ್ಲಿ ನಿಲ್ಲಿಸಿದಳು.

ಅವಳು ಸುಮಾ, ನನ್ನ ಹಳೆಯ ವಿದ್ಯಾರ್ಥಿನಿ; ಈಗ ಜೇನುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಳೆ. ಬಾಳೂರಿನ ನಮ್ಮ ತೋಟದ ಬೂರುಗದ ಮರದಲ್ಲಿ, ಕಾಫಿ ಹೂವಾಗುವ ಕಾಲಕ್ಕೆ ಪ್ರತಿವರ್ಷ ಅದದೇ ಕೊಂಬೆಗೆ ಹೆಜ್ಜೇನು ಬಂದು ಕಟ್ಟುತ್ತದೆಂದು ಹಿಂದೊಮ್ಮೆ ನಾನು ಬೆಳೆಗಾರರ ಇಂಗ್ಲಿಷ್ ಪತ್ರಿಕೆಗೆ ಬರೆದಿದ್ದೆ. ತನ್ನ ಪ್ರಬಂಧದಲ್ಲಿ ಅದನ್ನು ಉದ್ಧರಿಸಿದ ಸುಮಾ, ಮೇಷ್ಟ್ರು ‘ಕ್ಲೇಮ್ಸ್’ ಎಂದುಬಿಟ್ಟಿದ್ದಳು. ನನಗೆ ಹೆಜ್ಜೇನೇ ಕಚ್ಚಿದಂತಾಯಿತು.

“ಅಲ್ಲ ಮಾರಾಯ್ತಿ, ನಾನು ಸುಳ್ಳು ಹೇಳ್ತೀನಾ?”

“ಹಂಗಲ್ಲ ಸರ್, ನಾನಿನ್ನೂ ನೋಡಿಲ್ವಲ್ಲ. ನೋಡದೆ ‘ನೋಟ್ಸ್’ ಅಂತ ಬರೀಬೇಡಿ ಅಂತ ನೀವೇ ಹೇಳಿದ್ರಿ.”

ನನ್ನ ಪಾಠ ನನಗೇ ತಿರುಗುಬಾಣವಾಯಿತು. ಕಾಫಿ ಹೂವರಳಿಸುವ ಹೂಮಳೆ ಬರಲಿ, ತೋರಿಸುತ್ತೇನೆ ಎಂದೇನೋ ಅಂದೆ. ಆದರೆ ಮಂಡಿನೋವು ಶುರುವಾದ ಮೇಲೆ ನಾನು ಆ ಮರವಿರುವ ಗುಡ್ಡ ಹತ್ತಿರಲಿಲ್ಲ; ಜೇನು ಈಗಲೂ ಬರುತ್ತದೋ ಇಲ್ಲವೋ ಯಾರಿಗೆ ಗೊತ್ತು. ನೀವೇ ಯೋಚಿಸಿ, ಆಯುಷ್ಯವಿಡೀ ಪರರ ಮಾತುಗಳನ್ನೇ ಪಠಿಸಿದವನು ಕಣ್ಣಾರೆ ಕಂಡು ಬರೆದದ್ದು ಅದೊಂದೇ. ಅದೂ ಬೊಗಳೆಯೆಂದಾದರೆ ನನ್ನದೆನ್ನುವ ಮಾತು ಯಾವುದು ಉಳಿಯಿತು?

ಹೂವಾದ ಬೆಳಿಗ್ಗೆ ಇಬ್ಬರೂ ಹತ್ತಿದೆವು. ಗುಡ್ಡವೆಲ್ಲ ಬಿಳಿ, ಉಸಿರೆಲ್ಲ ಘಮ; ಬೂರುಗದ ಕೊಂಬೆಗಳು ಮಾತ್ರ ಖಾಲಿ. ಸುಮಾ ತೆರೆದಿದ್ದ ಟಿಪ್ಪಣಿ ಪುಸ್ತಕವನ್ನು ಮೆಲ್ಲಗೆ ಮುಚ್ಚಿದಳು. ಇನ್ನು ಇಳಿಯೋಣ ಎನ್ನುವಷ್ಟರಲ್ಲಿ ಕಣಿವೆಯ ಕಡೆಯಿಂದ ಮೊರೆತ ಕೇಳಿತು. ಆಕಾಶವನ್ನೇ ಕಪ್ಪಾಗಿಸಿಕೊಂಡು ಬಂದ ಹಿಂಡು ಮರವನ್ನು ಸುತ್ತಿ ಸುತ್ತಿ, ಹಳೆಯ ಮೇಣದ ಕಲೆ ಉಳಿದಿದ್ದ ಕೊಂಬೆಗೇ ಹೋಗಿ ಕೂತಿತು.

“ಹೋದ ವರ್ಷದ ಹುಳ ಅಲ್ಲ ಸರ್ ಇವು, ಅಷ್ಟು ದಿನ ಬದುಕಲ್ಲ,” ಎಂದು ಸುಮಾ ಪಿಸುಗುಟ್ಟಿದಳು. “ಈ ಕೊಂಬೆ ಅಂತ ಇವಕ್ಕೆ ಹೇಳಿದ್ಯಾರು?”

ಯಾರೂ ಬರೆಯದ, ಯಾರೂ ಓದದ ಮಾತೊಂದು ಚೂರೂ ತಪ್ಪದೆ ತಲೆಮಾರು ದಾಟಿ ಬಂದು ನಮ್ಮೆದುರು ಕೂತಿತ್ತು. ಉದ್ಧರಣೆಯ ಶಾಸ್ತ್ರವನ್ನೆಲ್ಲ ಅರೆದು ಕುಡಿದಿದ್ದೇನೆಂಬ ಜಂಬದ ನಾನು, ಮೈ ಜುಮ್ಮೆಂದು, ಮಂಡಿನೋವೂ ಮರೆತು, ಆ ಮರಕ್ಕೆ ಕೈಮುಗಿದೆ.

ಮೊನ್ನೆ ತಿದ್ದಿದ ಪ್ರಬಂಧ ಬಂತು. ‘ಕ್ಲೇಮ್ಸ್’ ಹೋಗಿತ್ತು. ಆಸೆಯಿಂದ ‘ನೋಟ್ಸ್’ ಹುಡುಕಿದೆ, ಅದೂ ಇಲ್ಲ. ಹೆಜ್ಜೇನು ಹಳೆಯ ಕೊಂಬೆಗೇ ಮರಳಿ ಬರುತ್ತದೆ ಎಂದಷ್ಟೇ, ಯಾರು ಹೇಳಿದರೆಂಬ ಕ್ರಿಯಾಪದವೇ ಇಲ್ಲದೆ ಬರೆದು, ನನ್ನ ಹೆಸರನ್ನು ಪುಟದ ಬುಡದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಹಾಕಿದ್ದಳು. ಒಳಗಿನ ಕುರ್ಚಿಯಲ್ಲಿ ಹೆಜ್ಜೇನು ಕೂತಾಗಿತ್ತು. ನಾನು ಅಂಗಳದಲ್ಲೇ ಸಂತೋಷವಾಗಿ ನಿಂತುಕೊಂಡೆ.