ಅರ್ಧ ಪರದೆಯ ಆರೋಪ

ನನ್ನ ಮೇಲೆ ಒಂದು ಸುಳ್ಳು ಆರೋಪ ಹೊರಿಸಲಾಯಿತು. ಅದನ್ನು ಇಂದಿನವರೆಗೂ ಯಾರೂ ಹಿಂದಕ್ಕೆ ಪಡೆದಿಲ್ಲ. ಟೀವಿಗೆ ಜೋಡಿಸಿ ಆಡುವ ಬಂದೂಕಿನ ಆಟದಲ್ಲಿ ನಾನು ಎದುರಾಳಿಯ ಪರದೆಯನ್ನು ಕದ್ದು ನೋಡಿ ಗೆದ್ದೆನೆಂಬುದು ಆ ಆರೋಪ. ಹೊರಿಸಿದವರು ಡೊಂಬಿವಲಿಯಲ್ಲಿ ನಮ್ಮ ನೆರೆಮನೆಯವರಾಗಿದ್ದ ಶೆಟ್ಟರು. ಅನುಮೋದಿಸಿದವನು ನನ್ನ ಸ್ವಂತ ಮಗ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಪೀಠಿಕೆಯೇ ಎಂದು ನೀವು ಕೇಳಬಹುದು. ಕೇಳಿ. ಆದರೆ ಲೋಕಲ್ ಗಾಡಿಯಲ್ಲಿ ಪಕ್ಕದವನ ಪತ್ರಿಕೆಯನ್ನು ಸಹ ಅವನ ಅಪ್ಪಣೆಯಿಲ್ಲದೆ ಓದದ ಮನುಷ್ಯನನ್ನು ಇಡೀ ಬಿಲ್ಡಿಂಗು ‘ಹಣಿಕಿ ಕಾಕಾ’, ಅಂದರೆ ಇಣುಕಿ ನೋಡುವ ಕಾಕಾ, ಎಂದು ಕರೆಯತೊಡಗಿದರೆ ಅವನಿಗೆ ಏನಾಗುತ್ತದೆಂಬುದನ್ನೂ ಯೋಚಿಸಿ.

ಕಳೆದ ಭಾನುವಾರ ಮಧ್ಯಾಹ್ನ, ವರ್ತಕ ನಗರದ ಈಗಿನ ಮನೆಯ ಅಟ್ಟದಿಂದ ಮಗ ಪ್ರಹ್ಲಾದ ಆ ಆಟದ ಯಂತ್ರವನ್ನು ಇಳಿಸಿದ. ಗುಂಡಿ ಒತ್ತಿದ ಸ್ವಲ್ಪ ಹೊತ್ತಿಗೆ ಒಳಗಿನ ಧೂಳು ಬಿಸಿಯಾಗಿ ಒಂದು ವಾಸನೆ ಎದ್ದಿತು. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆ, ಕುಕ್ಕರಿನ ಸೀಟಿ, ಒಗೆದ ಬಟ್ಟೆಗಳ ಕೆಳಗೆ ತಲೆ ತಗ್ಗಿಸಿ ಒಳಬರುವ ಶೆಟ್ಟರು, ಎಲ್ಲವೂ ಆ ವಾಸನೆಯ ಹಿಂದೆಯೇ ಬಂದವು. ಯಂತ್ರವನ್ನು ನನ್ನ ತಂಗಿಯ ಮಗ ದುಬೈನಿಂದ ತಂದುಕೊಟ್ಟಿದ್ದು ಪ್ರಹ್ಲಾದನಿಗೆ. ಅವನು ಕಾಲೇಜಿಗೆ ಹೋದಾಗ ಅದು ಸುಮ್ಮನೆ ಕೂರಬಾರದೆಂಬ ಮಿತವ್ಯಯದ ತತ್ತ್ವದಿಂದ ನಾನು ಆರಂಭಿಸಿದೆ, ಚಟವಾಯಿತು. ವಿಠ್ಠಲವಾಡಿ ಸ್ಟೇಶನ್ನಿನ ಬಳಿ ಹೋಟೆಲು ನಡೆಸುತ್ತಿದ್ದ ಶೆಟ್ಟರು ತಮ್ಮ ರಜೆಯ ದಿನ ಬಂದು ಕೂರುತ್ತಿದ್ದರು. ಯಂತ್ರ ಮೊಂಡು ಹಿಡಿದರೆ ಆಟದ ಡಬ್ಬಿಯನ್ನು ಹೊರತೆಗೆದು, ಧೂಳು ಹೋಗಲೆಂದು ಶಂಖ ಊದಿದಂತೆ ಊದುವ ಕೆಲಸ ಅವರದು.

ಆ ಆಟದಲ್ಲಿ ನಮಗೆ ನಮ್ಮ ಮುಖ ಕಾಣುವುದಿಲ್ಲ. ಕೈಯ ಬಂದೂಕು ಮತ್ತು ಎದುರಿನ ಓಣಿ ಮಾತ್ರ. ಇಬ್ಬರು ಆಡಿದರೆ ಪರದೆ ಎರಡಾಗುತ್ತದೆ: ಮೇಲಿನರ್ಧ ನನಗೆ, ಕೆಳಗಿನರ್ಧ ಶೆಟ್ಟರಿಗೆ. ಇಬ್ಬರ ಗುಟ್ಟೂ ಒಂದೇ ಗಾಜಿನ ಮೇಲೆ ಬಯಲಾಗಿರುತ್ತದೆ. ಹೀಗಾಗಿ ಅದು ಬಂದೂಕಿಗಿಂತ ಹೆಚ್ಚಾಗಿ ಮರ್ಯಾದೆಯ ಮೇಲೆ ನಡೆಯುವ ಆಟ.

ನಾನು ಗೆಲ್ಲುತ್ತಿದ್ದುದಕ್ಕೆ ಕಾರಣ ಕಣ್ಣಲ್ಲ, ಡೊಂಬಿವಲಿಯ ಪ್ಲಾಟ್‌ಫಾರ್ಮು. ಅಲ್ಲಿ ಒಮ್ಮೆ ಒಂದು ಕಂಬದ ಬಳಿ ನಿಂತು ಕಿಟಕಿಯ ಸೀಟು ಪಡೆದವನು ನಿವೃತ್ತನಾಗುವವರೆಗೆ ಅದೇ ಕಂಬದ ಬಳಿ ನಿಲ್ಲುತ್ತಾನೆ. ಶೆಟ್ಟರಿಗೂ ಒಂದು ಕಂಬವಿತ್ತು. ಆಟದಲ್ಲಿ ಸತ್ತು ಮತ್ತೆ ಹುಟ್ಟಿದೊಡನೆ ಅವರು ದೊಡ್ಡ ಬಂದೂಕು ಎತ್ತಿಕೊಂಡು ಮೆಟ್ಟಿಲ ಹಿಂದೆ ಅಡಗುತ್ತಿದ್ದರು. ನಾನು ಅಲ್ಲಿಗೆ ಹೋಗಿ ಕಾಯುತ್ತಿದ್ದೆ, ಅಷ್ಟೆ. ನಾನಾದರೋ ಪ್ರತಿಸಲ ಜಾಗ ಬದಲಿಸುತ್ತಿದ್ದೆ. ಆದರೂ ಅವರು ನೆಟ್ಟಗೆ ಬಂದು ನನ್ನನ್ನು ಹೊಡೆದದ್ದುಂಟು. ಅದನ್ನು ಅವರ ಚಾತುರ್ಯವೆಂದೇ ಬಗೆದು, “ಭೇಷ್ ಶೆಟ್ರ” ಎಂದು ಮನಸಾರೆ ಹೊಗಳಿದವನು ನಾನು.

ಅದಕ್ಕೆ ಪ್ರತಿಫಲವಾಗಿ ಒಂದು ದಿನ ಅವರು ಕಂಟ್ರೋಲರನ್ನು ನೆಲಕ್ಕಿಟ್ಟರು.

“ನಾನು ಮೆಟ್ಲಿನ ಹಿಂದೆ ಇದ್ದದ್ದು ನಿಮಗೆ ಹೇಗೆ ಗೊತ್ತಾಯ್ತು ಮಾರಾಯ್ರೆ? ನನ್ನ ಸ್ಕ್ರೀನ್ ನೋಡ್ತೀರಿ ನೀವು.”

ನಾನು ಪ್ರಹ್ಲಾದನತ್ತ ತಿರುಗಿದೆ. ಅವನು ಬಾಳೆಹಣ್ಣು ಸುಲಿಯುತ್ತ, “ಜಾನೇ ದೋ ಅಪ್ಪಾ, ಸಬ್ ದೇಖ್ತೇ ಹೈಂ,” ಎಂದ. ಎಲ್ಲರೂ ನೋಡುತ್ತಾರೆ, ಬಿಡು ಎಂದು ಅದರ ಅರ್ಥ. ಒಳಗಿನಿಂದ ನನ್ನಾಕೆ, “ಆಟದಾಗಿನ ಮಾತು, ಏನ್ ಮನಸ್ಸಿಗೆ ಹಚ್ಕೋತೀರಿ,” ಎಂದು ನಕ್ಕಳು. ನಾನು ಹಚ್ಚಿಕೊಂಡೆ. ಮರುವಾರದಿಂದ ಆಡುವುದನ್ನು ಬಿಟ್ಟೆ.

ಮೊನ್ನೆ ಶೆಟ್ಟರು ಊಟಕ್ಕೆ ಬಂದಿದ್ದರು, ಯಂತ್ರ ನೋಡಿ, “ಹಣಿಕಿ ಕಾಕಾ, ಒಂದು ಕೈ ಆಡುವನಾ?” ಎಂದರು. ನಾನು ಹಾಪೂಸ್ ಮಾವಿನ ಪೆಟ್ಟಿಗೆಯ ರಟ್ಟೊಂದನ್ನು ಕತ್ತರಿಸಿ, ಟೀವಿಯ ನಟ್ಟನಡುವೆ ಹಲಗೆಯಂತೆ ಮುಂಚಾಚುವ ಹಾಗೆ ಟೇಪಿನಿಂದ ಅಂಟಿಸಿದೆ. ಎತ್ತರದ ಕುರ್ಚಿಯಲ್ಲಿ ಕುಳಿತವನಿಗೆ ಮೇಲಿನರ್ಧ ಮಾತ್ರ ಕಾಣಬೇಕು. ನೆಲದ ಮೇಲೆ ದಿಂಬಿಗೊರಗಿದವನಿಗೆ ಕೆಳಗಿನರ್ಧ ಮಾತ್ರ. ಪ್ರಹ್ಲಾದನನ್ನು ಎರಡೂ ಕಡೆ ಕೂರಿಸಿ ಪರೀಕ್ಷಿಸಿ, ಅವನ ಬಾಯಿಂದ “ಠೀಕ್ ಇದೆ” ಅನ್ನಿಸಿದೆ.

ನಾನು ಕುರ್ಚಿಯಲ್ಲಿ, ಶೆಟ್ಟರು ನೆಲದ ಮೇಲೆ ಕುಳಿತು ಆಡಿದೆವು. ಶೆಟ್ಟರು ದೊಡ್ಡ ಬಂದೂಕು ಎತ್ತಿಕೊಂಡಿರಬೇಕು, ಮೆಟ್ಟಿಲ ಹಿಂದೆ ಹೋಗಿರಬೇಕು. ನಾನು ಹೋದೆ, ಇದ್ದರು. ಮತ್ತೆ ಹೋದೆ; ಮತ್ತೆ ಇದ್ದರು.

“ಕಣ್ಣಿನ ಆಪರೇಶನ್ ಆದ ಮೇಲೆ ನಿಮಗೆ ರಟ್ಟಿನೊಳಗಿಂದಲೂ ಕಾಣ್ತದೆ ಅಂತ ತೋರ್ತದೆ,” ಎಂದರು ಶೆಟ್ಟರು. ಆದರೆ ಅವರ ದನಿಯಲ್ಲಿ ಹಳೆಯ ಗತ್ತಿರಲಿಲ್ಲ. ಆಮೇಲೆ ನನ್ನನ್ನು ಹುಡುಕಲು ಹೊರಟರು. ನಾನು ಒಂದು ಬಾಗಿಲ ಪಕ್ಕ, ಯಾರಿಗೂ ಸಿಗುವಂಥ ಜಾಗದಲ್ಲಿ, ಸುಮ್ಮನೆ ನಿಂತೆ. ಶೆಟ್ಟರು ಬರಲಿಲ್ಲ. ಕೆಳಗಿನಿಂದ ಗುಂಡಿ ಒತ್ತುವ ಸದ್ದು ಮಾತ್ರ ಬರುತ್ತಿತ್ತು.

“ಅಂಕಲ್, ಅದೇ ಓಣಿಯಲ್ಲಿ ಗೋಲ್ ಗೋಲ್ ತಿರುಗ್ತಾ ಇದ್ದೀರಿ,” ಎಂದ ಅವರ ಪಕ್ಕ ಕುಳಿತಿದ್ದ ಪ್ರಹ್ಲಾದ. ಹಾಗೆಂದವನೇ ನನ್ನ ಮುಖ ನೋಡಿದ. ಈ ಆರೋಪದ ಮಾತು ಬಂದಾಗಲೆಲ್ಲ ನಗುತ್ತಿದ್ದವನು ಮೊದಲ ಸಲ ನಗಲಿಲ್ಲ.

ಇಷ್ಟು ವರ್ಷ ನನ್ನ ನಿರಪರಾಧಿತ್ವವನ್ನು ಸಾಧಿಸುವುದರಲ್ಲೇ ಮುಳುಗಿಹೋಗಿದ್ದ ನನಗೆ ಇನ್ನೊಂದು ಸಾಧ್ಯತೆ ಹೊಳೆದಿರಲೇ ಇಲ್ಲ. ಬುದ್ಧಿವಂತನೆಂಬ ನನ್ನ ಹೆಮ್ಮೆಗೆ ಅದೊಂದು ಪೆಟ್ಟು, ಸಂತೋಷದಿಂದ ತಿಂದಿದ್ದೇನೆ. ರಟ್ಟನ್ನು ಕಿತ್ತಿಲ್ಲ. ಟೀವಿಯ ಸುತ್ತ ಇನ್ನೂ ಮಾವಿನ ಪರಿಮಳವಿದೆ, ಮನೆಯವರು ವಾರ್ತೆಯನ್ನು ಅರ್ಧರ್ಧವೇ ನೋಡುತ್ತಿದ್ದಾರೆ.

ಶೆಟ್ಟರೇ, ರಟ್ಟು ಇಬ್ಬರಿಗೂ ಅಡ್ಡ ಬಂದಿತ್ತು. ಹಾಗಿದ್ದರೆ ದಾರಿ ತಪ್ಪಿದ್ದು ನೀವೊಬ್ಬರೇ ಏಕೆ?